ಸ್ಲೀವ್, ಬೈಪಾಸ್, ಮಿನಿ ಬೈಪಾಸ್: ಹೊಟ್ಟೆ-ಕರುಳಿನ ತೊಂದರೆ ನೋಡಿ ಆರಿಸುವ ಬಗೆ

ತೂಕ ಇಳಿಸುವ ಆಪರೇಷನ್‌ಗೆ ಮನಸ್ಸು ಮಾಡಿದವರು ಸರ್ಜನ್ ಎದುರು ಕೂತ ಕೂಡಲೇ ಕೇಳುವುದು, ‘ಯಾವುದರಲ್ಲಿ ಜಾಸ್ತಿ ಕೆಜಿ ಇಳಿಯುತ್ತೆ?’ ಎಂದು. ಆರಿಸುವ ಹೊತ್ತಿನಲ್ಲಿ ಆ ಪ್ರಶ್ನೆಗೆ ಅಷ್ಟೊಂದು ಬೆಲೆ ಕೊಡಬೇಕಾಗಿಲ್ಲ. ಫಿನ್ಲೆಂಡ್‌ನ ಸ್ಲೀವ್‌ಪಾಸ್ ಅಧ್ಯಯನ ಸ್ಲೀವ್ (ಜಠರವನ್ನು ಕಿರಿದು ಮಾಡುವುದು) ಮತ್ತು ಬೈಪಾಸ್ (ಅನ್ನದ ದಾರಿಯನ್ನೂ ಬದಲಿಸುವುದು) ಮಾಡಿಸಿಕೊಂಡವರನ್ನು 10 ವರ್ಷ ಬಿಡದೆ ಗಮನಿಸಿತು. ಇರಬೇಕಾದ್ದಕ್ಕಿಂತ ಹೆಚ್ಚಾಗಿದ್ದ ತೂಕದಲ್ಲಿ ಸ್ಲೀವ್‌ನವರಿಗೆ ಶೇ 43.5, ಬೈಪಾಸ್‌ನವರಿಗೆ ಶೇ 50.7 ಇಳಿದಿತ್ತು. ವ್ಯತ್ಯಾಸ ಇದೆ, ಆದರೆ ಜೀವನವನ್ನೇ ಬದಲಿಸುವಷ್ಟಲ್ಲ. ಅದೇ ಜನರ ಎಂಡೋಸ್ಕೋಪಿಯಲ್ಲಿ ಅನ್ನನಾಳದ ಉರಿಯೂತ ಕಂಡದ್ದು ಸ್ಲೀವ್ ಗುಂಪಿನ ಶೇ 31 ಮಂದಿಗೆ, ಬೈಪಾಸ್ ಗುಂಪಿನ ಶೇ 7 ಮಂದಿಗೆ. ಆರಿಸುವವರು ಕಣ್ಣಿಡಬೇಕಾದದ್ದು ಈ ಎರಡನೆಯ ಲೆಕ್ಕದ ಮೇಲೆ. ಆಪರೇಷನ್ ಆದಮೇಲೆ ಬರಬಹುದಾದ ತೊಂದರೆಗಳು ಒಂದೊಂದರಲ್ಲಿ ಒಂದೊಂದು ಬಗೆ. ನಿಮ್ಮ ಹೊಟ್ಟೆ ಈಗ ಹೇಗಿದೆ, ನಿಮ್ಮ ಊಟ ಮತ್ತು ಚಟಗಳು ಯಾವುವು, ವರ್ಷವರ್ಷ ತಪಾಸಣೆಗೆ ಬರಲು ಆಗುತ್ತದೆಯೇ ಎಂಬುದರ ಮೇಲೆ ಯಾವ ತೊಂದರೆ ನಿಮ್ಮ ಪಾಲಿಗೆ ಬರುವ ಸಂಭವ ಹೆಚ್ಚು ಎಂಬುದನ್ನು ಸಾಕಷ್ಟು ಮಟ್ಟಿಗೆ ಮೊದಲೇ ಹೇಳಬಹುದು.

ಇನ್ನೊಂದು ಮಾತು ಮೊದಲಿಗೇ ಹೇಳಿಬಿಡಬೇಕು. ಎದೆಯುರಿ, ಹೊಟ್ಟೆನೋವು, ಹುಳಿತೇಗು, ವಾಂತಿ, ಹೊಟ್ಟೆಯುಬ್ಬರ, ಇವೆಲ್ಲಕ್ಕೂ ನಮ್ಮಲ್ಲಿ ಇರುವುದು ಒಂದೇ ಹೆಸರು: ಗ್ಯಾಸ್ಟ್ರಿಕ್. ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಸಿಗುವುದೂ ಒಂದೇ ಮಾತ್ರೆ. ಮಾಮೂಲು ಹೊಟ್ಟೆಗೆ ಅದು ಹೇಗೋ ನಡೆದುಹೋಗುತ್ತದೆ. ಈ ಆಪರೇಷನ್ ಆದ ಹೊಟ್ಟೆಗೆ ನಡೆಯುವುದಿಲ್ಲ. ಕರುಳು ತಿರುಚಿಕೊಂಡ ನೋವನ್ನು ಗ್ಯಾಸ್ಟ್ರಿಕ್ ಎಂದು ಎರಡು ದಿನ ಸಹಿಸಿಕೊಂಡರೆ ಆ ಕರುಳು ಸಾಯುತ್ತದೆ.

ಮೂರರಲ್ಲಿ ಒಳಗೆ ಬದಲಾಗುವುದೇನು

ಸ್ಲೀವ್‌ನಲ್ಲಿ ಜಠರದ ಎಡಬದಿಯ ಉಬ್ಬಿದ ಭಾಗವನ್ನು, ಹೆಚ್ಚುಕಡಿಮೆ ಮುಕ್ಕಾಲು ಪಾಲಿಗಿಂತ ಹೆಚ್ಚು, ಸ್ಟೇಪ್ಲರ್‌ನಿಂದ ಕತ್ತರಿಸಿ ಹೊರತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಾಕಾರದ ಒಂದು ಸಣ್ಣ ಕೊಳವೆ. ಕರುಳಿನ ದಾರಿಯನ್ನು ಮುಟ್ಟುವುದಿಲ್ಲ. ತೆಗೆದ ಭಾಗ ಮತ್ತೆ ಬರುವುದಿಲ್ಲ.

ಬೈಪಾಸ್ ಎಂದರೆ ಸಾಮಾನ್ಯವಾಗಿ ರೂ-ಎನ್-ವೈ. ಆ ‘ರೂ’ ಸ್ವಿಟ್ಜರ್ಲೆಂಡಿನ ಸರ್ಜನ್ ಸೆಸಾರ್ ರೂ ಅವರ ಹೆಸರು, ‘ವೈ’ ಕರುಳನ್ನು ಜೋಡಿಸುವ ಆಕಾರ. ಅನ್ನನಾಳದ ಕೆಳಗೆ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣಕರುಳನ್ನು ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಅನ್ನ ಅದರೊಳಗೆ ಹೋಗುವುದಿಲ್ಲ. ಪಿತ್ತರಸ ಬೇರೆ ದಾರಿಯಲ್ಲಿ ಬಂದು 100ರಿಂದ 150 ಸೆಂ.ಮೀ. ಕೆಳಗೆ ಅನ್ನದ ಜತೆ ಸೇರುತ್ತದೆ. ಇಲ್ಲಿ ಜೋಡಣೆಗಳು ಎರಡು.

ಮಿನಿ ಬೈಪಾಸ್‌ನಲ್ಲಿ ಜೋಡಣೆ ಒಂದೇ. ಉದ್ದನೆಯ ಕಿರಿದಾದ ಜಠರದ ಚೀಲಕ್ಕೆ, ಸಣ್ಣಕರುಳಿನ ಆರಂಭದಿಂದ 150ರಿಂದ 200 ಸೆಂ.ಮೀ. ಬಿಟ್ಟು, ಕರುಳಿನ ಒಂದು ಮಡಿಕೆಯನ್ನು ತಂದು ಜೋಡಿಸುತ್ತಾರೆ. ಅಮೆರಿಕದ ರಾಬರ್ಟ್ ರಟ್ಲೆಜ್ 1997ರಲ್ಲಿ ಶುರುಮಾಡಿದ ಈ ವಿಧಾನ ಭಾರತದಲ್ಲೂ ಸಾಕಷ್ಟು ಬಳಕೆಯಲ್ಲಿದೆ. ಆಪರೇಷನ್ ಬೇಗ ಮುಗಿಯುತ್ತದೆ, ತೂಕ ಚೆನ್ನಾಗಿ ಇಳಿಯುತ್ತದೆ. ‘ಮಿನಿ’ ಎಂಬ ಹೆಸರು ಕೇಳಿ ಇದು ಚಿಕ್ಕ ಬೈಪಾಸ್ ಎಂದುಕೊಂಡರೆ ಮೋಸಹೋದಂತೆ. ಚಿಕ್ಕದಾಗಿರುವುದು ಸರ್ಜನ್ ಕೆಲಸ ಮಾತ್ರ. ಅನ್ನ ಮುಟ್ಟದೆ ಬಿಡುವ ಕರುಳಿನ ಉದ್ದ ಮೂರರಲ್ಲಿ ಇದರಲ್ಲೇ ಹೆಚ್ಚು.

ಜಠರದ ಮೇಲ್ಭಾಗಕ್ಕೆ ಪಟ್ಟಿ ಕಟ್ಟುವ ಗ್ಯಾಸ್ಟ್ರಿಕ್ ಬ್ಯಾಂಡ್ ವಿಧಾನ, ಪಟ್ಟಿ ಜಾರುವುದು, ಜಠರದ ಗೋಡೆ ಕೊರೆಯುವುದು ಹೆಚ್ಚಾದ್ದರಿಂದ ಬಹುತೇಕ ಬಿಟ್ಟುಹೋಗಿದೆ. ಜಠರದೊಳಗೆ ಬಲೂನ್ ಇಡುವುದು ತಾತ್ಕಾಲಿಕ ಉಪಾಯ. ಅವೆರಡನ್ನೂ ಇಲ್ಲಿ ಹೋಲಿಕೆಗೆ ತೆಗೆದುಕೊಂಡಿಲ್ಲ.

ಎದೆಯುರಿ ಮತ್ತು ಹುಳಿ ಮೇಲೆ ಬರುವುದು

ಆಯ್ಕೆಯನ್ನು ತೀರ್ಮಾನಿಸುವ ವಿಷಯಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು.

ಸ್ಲೀವ್ ಆದಮೇಲೆ ಹುಳಿ ಮೇಲೆ ಬರಲು ಕಾರಣ ಅದರ ಆಕಾರದಲ್ಲೇ ಇದೆ. ಅನ್ನನಾಳ ಜಠರವನ್ನು ಸೇರುವಲ್ಲಿ ಒಂದು ಓರೆಕೋನ ಇರುತ್ತದೆ. ಜಠರ ತುಂಬಿದಾಗ ಆ ಕೋನವೇ ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ಸ್ಲೀವ್‌ನಲ್ಲಿ ಆ ಕೋನ ನೇರವಾಗುತ್ತದೆ. ತಿಂದದ್ದಕ್ಕೆ ಜಾಗ ಕೊಟ್ಟು ಹಿಗ್ಗುತ್ತಿದ್ದ ಮೇಲಿನ ಭಾಗ ಹೊರಹೋಗಿರುತ್ತದೆ. ಉಳಿದ ಕೊಳವೆ ಬಿಗಿ. ಎರಡು ತುತ್ತು ಹೆಚ್ಚಾದರೂ ಒತ್ತಡ ಏರಿ, ಕೆಳಗೆ ಹೋಗಬೇಕಾದದ್ದು ಮೇಲಕ್ಕೆ ಬರುತ್ತದೆ. ಕೊಳವೆಯ ನಡುವೆ ತಿರುಚು ಅಥವಾ ಕಿರಿದಾದ ಜಾಗ ಉಳಿದಿದ್ದರೆ, ಇಲ್ಲವೇ ವಪೆಯ ಬಳಿಯ ಹರ್ನಿಯಾವನ್ನು (ಹಯಾಟಸ್ ಹರ್ನಿಯಾ) ಗಮನಿಸದೆ ಬಿಟ್ಟಿದ್ದರೆ, ಮಾತ್ರೆಗೆ ಬಗ್ಗದ ಎದೆಯುರಿ ಬರುತ್ತದೆ.

ಸ್ವಿಟ್ಜರ್ಲೆಂಡಿನ ಎಸ್‌ಎಂ-ಬಾಸ್ ಅಧ್ಯಯನದಲ್ಲಿ 5 ವರ್ಷದ ಹೊತ್ತಿಗೆ, ಮೊದಲೇ ಎದೆಯುರಿ ಇದ್ದವರ ಪೈಕಿ ಅದು ವಾಸಿಯಾದದ್ದು ಸ್ಲೀವ್‌ನಲ್ಲಿ ಶೇ 25, ಬೈಪಾಸ್‌ನಲ್ಲಿ ಶೇ 60.4. ಜಾಸ್ತಿಯಾದದ್ದು ಸ್ಲೀವ್‌ನಲ್ಲಿ ಶೇ 31.8, ಬೈಪಾಸ್‌ನಲ್ಲಿ ಶೇ 6.3. ರೂ-ಎನ್-ವೈ ಬೈಪಾಸ್‌ನ ಪುಟ್ಟ ಚೀಲದಲ್ಲಿ ಆಮ್ಲ ತಯಾರಾಗುವುದೇ ಬಹಳ ಕಡಿಮೆ, ಪಿತ್ತರಸವೂ ಅಷ್ಟು ಕೆಳಗಿನಿಂದ ಹತ್ತಿ ಬರುವುದಿಲ್ಲ. ಆದ್ದರಿಂದ ತೀವ್ರ ಎದೆಯುರಿ ಇರುವವರಿಗೆ ಅದು ತೂಕದ ಆಪರೇಷನ್ನೂ ಹೌದು, ಎದೆಯುರಿಯ ಆಪರೇಷನ್ನೂ ಹೌದು.

ಮಿನಿ ಬೈಪಾಸ್‌ನಲ್ಲಿ ಮೇಲೆ ಬರುವುದು ಆಮ್ಲಕ್ಕಿಂತ ಹೆಚ್ಚಾಗಿ ಪಿತ್ತರಸ. ಜೋಡಿಸಿದ ಮಡಿಕೆಯ ಮೂಲಕ ದಿನವಿಡೀ ಪಿತ್ತ ಹರಿಯುತ್ತಿರುತ್ತದೆ. ಜಠರದ ಚೀಲ ಗಿಡ್ಡವಾಗಿದ್ದರೆ ಅದು ಅನ್ನನಾಳದವರೆಗೂ ತಲುಪುತ್ತದೆ. ಗುರುತು ಹಿಡಿಯುವುದು ಹೀಗೆ: ರಾತ್ರಿ ಮಲಗಿದಾಗ ಹಳದಿ-ಹಸಿರು ಕಹಿನೀರು ಬಾಯಿಗೆ ಬರುತ್ತದೆ, ಬೆಳಗ್ಗೆ ಕಹಿ ವಾಂತಿಯಾಗುತ್ತದೆ, ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ನುಂಗಿದರೂ ವ್ಯತ್ಯಾಸ ಕಾಣುವುದಿಲ್ಲ. ಆ ಮಾತ್ರೆ ತಗ್ಗಿಸುವುದು ಆಮ್ಲವನ್ನು, ಪಿತ್ತವನ್ನಲ್ಲ. ಔಷಧಿಯಿಂದ ಹಿಡಿತಕ್ಕೆ ಬಾರದಿದ್ದರೆ ಇನ್ನೊಂದು ಆಪರೇಷನ್ ಮಾಡಿ ರೂ-ಎನ್-ವೈಗೆ ಬದಲಿಸುವುದೇ ದಾರಿ. ಸ್ಲೀವ್‌ನಲ್ಲಿ ಎದೆಯುರಿ ಕೈಮೀರಿದಾಗಲೂ ಕೊನೆಗೆ ಹೋಗುವುದು ಅಲ್ಲಿಗೇ.

ಹೀಗಾಗಿ ಯಾವ ಆಪರೇಷನ್ ಎಂದು ನಿರ್ಧರಿಸುವ ಮೊದಲು ಎಂಡೋಸ್ಕೋಪಿ ಆಗಲೇಬೇಕು. ‘ನನಗೆ ಎದೆಯುರಿ ಇಲ್ಲ’ ಎನ್ನುವವರಲ್ಲೂ ಒಳಗೆ ಉರಿಯೂತ ಸಿಗುತ್ತದೆ. ರಿಪೋರ್ಟಿನಲ್ಲಿ ನಾಲ್ಕು ಸಂಗತಿ ಇವೆಯೇ ನೋಡಿ: ಅನ್ನನಾಳದ ಉರಿಯೂತದ ದರ್ಜೆ (ಎ, ಬಿ, ಸಿ, ಡಿ ಎಂದು ಬರೆದಿರುತ್ತಾರೆ), ಹಯಾಟಸ್ ಹರ್ನಿಯಾ ಇದೆಯೇ ಮತ್ತು ಎಷ್ಟು ಸೆಂ.ಮೀ., ಬ್ಯಾರೆಟ್ಸ್ ಬದಲಾವಣೆ (ಹುಳಿ ತಾಗಿ ತಾಗಿ ಅನ್ನನಾಳದ ಒಳಪದರ ಬೇರೆ ರೂಪಕ್ಕೆ ತಿರುಗುವುದು) ಇದೆಯೇ, ಎಚ್. ಪೈಲೋರಿ ಬ್ಯಾಕ್ಟೀರಿಯಾ ಇದೆಯೇ. ಸಿ ಅಥವಾ ಡಿ ದರ್ಜೆ, ಇಲ್ಲವೇ ಬ್ಯಾರೆಟ್ಸ್ ಇದ್ದರೆ ಸ್ಲೀವ್ ಬೇಡ. ಈ ವಿಷಯದಲ್ಲಿ ಸಂಕೋಚವಿಲ್ಲದೆ ಹೇಳಬಹುದು. ಎ ದರ್ಜೆಯ ಸಣ್ಣ ಉರಿಯೂತಕ್ಕೆ ಅಷ್ಟು ಕಟ್ಟುನಿಟ್ಟು ಬೇಕಿಲ್ಲ.

ಸ್ಲೀವ್ ಅಥವಾ ಮಿನಿ ಬೈಪಾಸ್ ಮಾಡಿಸಿಕೊಂಡವರು ಲಕ್ಷಣ ಇಲ್ಲದಿದ್ದರೂ 1 ವರ್ಷ ತುಂಬಿದಾಗ ಒಂದು ಸಲ, ಆಮೇಲೆ 2-3 ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿಸಬೇಕೆಂದು ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ ಇಫ್ಸೊ ಸಲಹೆ ಕೊಟ್ಟಿದೆ. ಆ ಖರ್ಚನ್ನೂ ಓಡಾಟವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಜೋಡಣೆಯ ಅಂಚಿನ ಹುಣ್ಣು

ಇದು ಬೈಪಾಸ್‌ಗಳೆರಡರ ಸಮಸ್ಯೆ. ಜಠರದ ಚೀಲಕ್ಕೆ ಕರುಳು ಸೇರುವ ಗೆರೆಯ ಮೇಲೆ ಹುಣ್ಣಾಗುತ್ತದೆ. ಕರುಳಿನ ಒಳಪದರಕ್ಕೆ ಆಮ್ಲ ತಡೆದುಕೊಳ್ಳುವ ಶಕ್ತಿ ಇಲ್ಲ. ತಿಂದ ಕೂಡಲೇ ಎದೆಗುಂಡಿಗೆಯ ಕೆಳಗೆ ಚುಚ್ಚುನೋವು, ವಾಕರಿಕೆ, ಕಪ್ಪು ಮಲ, ಹಿಮೋಗ್ಲೋಬಿನ್ ಇಳಿಯುವುದು ಇದರ ಲಕ್ಷಣ. ಕೆಲವೊಮ್ಮೆ ಯಾವ ಸೂಚನೆಯೂ ಇಲ್ಲದೆ ತೂತು ಬಿದ್ದು ನೇರವಾಗಿ ಎಮರ್ಜೆನ್ಸಿಗೆ ಬರುತ್ತಾರೆ.

ಹೊಗೆ ಮತ್ತು ನೋವಿನ ಮಾತ್ರೆ, ಇವೆರಡೇ ಬಹುಪಾಲು ಹುಣ್ಣುಗಳಿಗೆ ಮೂಲ. ತೂಕ ಜಾಸ್ತಿ ಇರುವವರಿಗೆ ಮಂಡಿನೋವು ಇದ್ದೇ ಇರುತ್ತದೆ. ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಚೀಟಿ ಇಲ್ಲದೆಯೇ ಸಿಗುತ್ತವೆ. ಬೈಪಾಸ್ ಆದವರಿಗೆ ಇವು ಜೀವನಪೂರ್ತಿ ನಿಷಿದ್ಧ. ಪ್ಯಾರಾಸಿಟಮಾಲ್ ಪರವಾಗಿಲ್ಲ. ಹಲ್ಲಿನ ಡಾಕ್ಟರು, ಮೂಳೆ ಡಾಕ್ಟರು, ಊರಿನ ಕ್ಲಿನಿಕ್ಕು, ಎಲ್ಲಿ ಹೋದರೂ ‘ನನಗೆ ಬೈಪಾಸ್ ಆಗಿದೆ’ ಎಂದು ಮೊದಲು ಹೇಳಬೇಕು. ಹಾಗೆ ಹೇಳಿದಾಗ ಎದುರಿಗಿರುವವರು ಹೃದಯದ ಬೈಪಾಸ್ ಎಂದುಕೊಳ್ಳುವುದು ಮಾಮೂಲು. ‘ಹೊಟ್ಟೆಯ ಬೈಪಾಸ್’ ಎಂದು ಬಿಡಿಸಿ ಹೇಳಿ. ಹೃದಯದ ತೊಂದರೆಗೆ ಆಸ್ಪಿರಿನ್ ಬೇಕೇಬೇಕಾದವರ ವಿಷಯ ಬೇರೆ. ಅದನ್ನು ಸರ್ಜನ್ ಮತ್ತು ಹೃದಯತಜ್ಞರು ಕೂತು ತೀರ್ಮಾನಿಸಿ, ಆಮ್ಲ ತಗ್ಗಿಸುವ ಮಾತ್ರೆಯ ರಕ್ಷಣೆಯೊಂದಿಗೆ ಕೊಡುತ್ತಾರೆ.

ಬೀಡಿ-ಸಿಗರೇಟನ್ನು ಆಪರೇಷನ್‌ಗೆ ಕನಿಷ್ಠ 6 ವಾರ ಮೊದಲೇ ನಿಲ್ಲಿಸಿ, ಆಮೇಲೆ ಮತ್ತೆ ಮುಟ್ಟಬಾರದು. ಎಲೆ-ಅಡಿಕೆಯ ಜತೆ ಕಡ್ಡಿಪುಡಿ ಹಾಕುವವರು ಅದನ್ನು ಚಟವೆಂದು ಎಣಿಸುವುದೇ ಇಲ್ಲ. ಅದೂ ತಂಬಾಕೇ, ಅದನ್ನೂ ಬಿಡಬೇಕು. ‘ಬಿಡುವುದು ನನ್ನಿಂದಾಗದು’ ಎಂದು ಪ್ರಾಮಾಣಿಕವಾಗಿ ಗೊತ್ತಿರುವವರು ಸರ್ಜನ್‌ಗೆ ಹಾಗೆಯೇ ಹೇಳಿಬಿಡುವುದು ಒಳ್ಳೆಯದು. ಅಂಥವರಿಗೆ ಬೈಪಾಸ್‌ಗಿಂತ ಸ್ಲೀವ್ ಸುರಕ್ಷಿತ. ರುಮಟಾಯ್ಡ್ ಸಂಧಿವಾತಕ್ಕೆ ಸ್ಟೀರಾಯ್ಡ್ ಅಥವಾ ನೋವಿನ ಮಾತ್ರೆ ಬಿಡಲಾಗದವರಿಗೂ ಇದೇ ಮಾತು. ಎಚ್. ಪೈಲೋರಿ ಇದ್ದರೆ ಅದನ್ನು ಮೊದಲೇ ಔಷಧಿ ಕೊಟ್ಟು ತೆಗೆದು, ಹೋಗಿದೆ ಎಂದು ಖಚಿತ ಮಾಡಿಕೊಂಡು ಮುಂದುವರಿಯುತ್ತಾರೆ.

ಬೈಪಾಸ್ ಆದ ಮೇಲೆ ಸಾಮಾನ್ಯವಾಗಿ 3 ತಿಂಗಳಾದರೂ ಆಮ್ಲ ತಗ್ಗಿಸುವ ಮಾತ್ರೆ ಬರೆದಿರುತ್ತಾರೆ. ಹೊಟ್ಟೆ ಹಗುರವಾಗಿದೆ ಎಂದು ನಡುವೆ ನಿಲ್ಲಿಸಬೇಡಿ. ಹುಣ್ಣು ಆಗಿಬಿಟ್ಟರೆ ಕ್ಯಾಪ್ಸೂಲ್ ತೆರೆದು ಒಳಗಿನ ಕಾಳುಗಳನ್ನು ನುಂಗಲು ಹೇಳುವುದುಂಟು. ಪುಟ್ಟ ಚೀಲದಲ್ಲಿ ಕ್ಯಾಪ್ಸೂಲ್ ಕರಗಲು ಸಮಯ ಸಿಗದೆ ಮುಂದೆ ಹೋಗಿಬಿಡುತ್ತದೆ, ತೆರೆದು ಕೊಟ್ಟರೆ ಹುಣ್ಣು ಬೇಗ ಮಾಯುತ್ತದೆ.

ಒಳಹರ್ನಿಯಾ

ರೂ-ಎನ್-ವೈನಲ್ಲಿ ಅತಿ ಭಯಪಡಬೇಕಾದ ತೊಂದರೆ ಇದು. ಕರುಳನ್ನು ಕತ್ತರಿಸಿ ಬೇರೆ ಕಡೆ ಜೋಡಿಸಿದಾಗ ಅದರ ಪೊರೆಯಲ್ಲಿ ಕಿಂಡಿಗಳು ಉಳಿಯುತ್ತವೆ: ಕೆಳಗಿನ ಜೋಡಣೆಯ ಬಳಿ ಒಂದು, ಮೇಲಕ್ಕೆ ತಂದ ಕರುಳಿನ ಹಿಂದೆ ಇನ್ನೊಂದು. ಆಪರೇಷನ್ ದಿನ ಆ ಕಿಂಡಿಗಳ ಸುತ್ತ ಕೊಬ್ಬು ತುಂಬಿರುತ್ತದೆ. ವರ್ಷದಲ್ಲಿ 30-40 ಕೆಜಿ ಇಳಿದಾಗ ಒಳಗಿನ ಕೊಬ್ಬೂ ಕರಗಿ ಕಿಂಡಿ ದೊಡ್ಡದಾಗುತ್ತದೆ, ಕರುಳು ಅದರೊಳಗೆ ನುಸುಳುತ್ತದೆ. ಚೆನ್ನಾಗಿ ತೂಕ ಇಳಿದವರಿಗೇ, ಒಂದೆರಡು ವರ್ಷ ಕಳೆದು ಎಲ್ಲ ಸರಿಹೋಯಿತು ಎಂದುಕೊಂಡ ಮೇಲೆಯೇ ಇದು ಬರುವುದು.

ನೋವಿನ ರೀತಿ ತಿಳಿದಿರಲಿ. ಊಟವಾದ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ, ಹೆಚ್ಚಾಗಿ ಎಡಗಡೆ ಅಥವಾ ಹೊಕ್ಕುಳ ಸುತ್ತ ಹಿಂಡಿದಂತೆ ನೋವು, ಕೆಲವರಿಗೆ ಬೆನ್ನಿಗೂ ಹಾಯುತ್ತದೆ. ಮುದುರಿ ಮಲಗಿದರೆ ಕಡಿಮೆಯಾಗಬಹುದು. ಬರುತ್ತದೆ, ಹೋಗುತ್ತದೆ. ನೋವಿಲ್ಲದಾಗ ಮಾಡಿದ ಸ್ಕ್ಯಾನ್ ನಾರ್ಮಲ್ ಇರುತ್ತದೆ. ಸಿಟಿ ಸ್ಕ್ಯಾನಿನಲ್ಲಿ ರಕ್ತನಾಳಗಳು ಸುಳಿಯಾಗಿ ಸುತ್ತಿಕೊಂಡದ್ದು ಕಂಡರೆ ರೋಗ ಬಹುಮಟ್ಟಿಗೆ ಖಚಿತ, ಕಾಣದಿದ್ದರೆ ರೋಗ ಇಲ್ಲವೆಂದು ಅರ್ಥವಲ್ಲ. ಅನುಮಾನ ಬಲವಾಗಿದ್ದರೆ ಲ್ಯಾಪರೋಸ್ಕೋಪಿಯಲ್ಲಿ ಒಳಗೆ ನೋಡುವುದೇ ಸರಿ. ವಾಂತಿ ಇಲ್ಲದಿರುವುದರಿಂದಲೂ ಸಮಾಧಾನ ಪಡಬೇಡಿ. ಪುಟ್ಟ ಚೀಲದಿಂದ ವಾಂತಿಯಾಗಲು ಒಳಗೆ ಏನೂ ಇರುವುದಿಲ್ಲ.

ಕಿಂಡಿಗಳನ್ನು ಮೊದಲ ಆಪರೇಷನ್‌ನಲ್ಲೇ ಹೊಲಿದು ಮುಚ್ಚಬಹುದು. ಸ್ವೀಡನ್ನಿನಲ್ಲಿ 2,507 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕರುಳು ಸಿಕ್ಕಿಕೊಂಡು 3 ವರ್ಷದೊಳಗೆ ಮತ್ತೆ ಆಪರೇಷನ್ ಬೇಕಾದವರು ಕಿಂಡಿ ಮುಚ್ಚದ ಗುಂಪಿನಲ್ಲಿ ಶೇ 10.2, ಮುಚ್ಚಿದ ಗುಂಪಿನಲ್ಲಿ ಶೇ 5.5. ಅರ್ಧದಷ್ಟಾಯಿತು, ಸೊನ್ನೆಯಾಗಲಿಲ್ಲ. ಮುಚ್ಚುವಾಗ ಕೆಳಗಿನ ಜೋಡಣೆ ಮಡಿಸಿಕೊಂಡು ಶುರುವಿನ ದಿನಗಳಲ್ಲಿ ತೊಂದರೆ ಕೊಡುವ ಸಣ್ಣ ಅಪಾಯವೂ ಅದೇ ಅಧ್ಯಯನದಲ್ಲಿ ಕಂಡಿತು. ಆದರೂ ‘ಕಿಂಡಿ ಮುಚ್ಚುತ್ತೀರಾ, ಕರಗದ ದಾರದಲ್ಲೇ ಮುಚ್ಚುತ್ತೀರಾ?’ ಎಂದು ಸರ್ಜನ್‌ರನ್ನು ಕೇಳುವುದು ನಿಮ್ಮ ಹಕ್ಕು.

ಮಿನಿ ಬೈಪಾಸ್‌ನಲ್ಲಿ ಒಳಹರ್ನಿಯಾ ಇಲ್ಲವೇ ಇಲ್ಲ ಎನ್ನಲಾಗದು, ಬಹಳ ಅಪರೂಪ. ಸ್ಲೀವ್‌ನಲ್ಲಿ ಕರುಳನ್ನೇ ಮುಟ್ಟದ ಕಾರಣ ಈ ಚಿಂತೆ ಇಲ್ಲ. ದೊಡ್ಡ ಆಸ್ಪತ್ರೆಯಿಂದ ನಾಲ್ಕೈದು ಗಂಟೆ ದೂರದಲ್ಲಿ ಇರುವವರು, ಹಡಗಿನಲ್ಲಿ ಅಥವಾ ಗಲ್ಫ್‌ನ ಮರುಭೂಮಿಯ ಕ್ಯಾಂಪಿನಲ್ಲಿ ಕೆಲಸ ಮಾಡುವವರು ಈ ಒಂದು ಅಂಶವನ್ನು ಗಂಭೀರವಾಗಿ ತೂಗಿನೋಡಬೇಕು.

ಇನ್ನು ಗರ್ಭಿಣಿಯರು. ಗರ್ಭಕೋಶ ಬೆಳೆದಂತೆ ಕರುಳು ಮೇಲೆ ಸರಿಯುತ್ತದೆ, ಕಿಂಡಿಗೆ ನುಗ್ಗುತ್ತದೆ. ಬೈಪಾಸ್ ಆದ ಬಸುರಿಗೆ ಹೊಟ್ಟೆನೋವು ಬಂದರೆ ಅದನ್ನು ಬಸುರಿನ ನೋವೆಂದು ಬಿಡುವ ಮುನ್ನ ಈ ಆಪರೇಷನ್ ಬಲ್ಲ ಸರ್ಜನ್ ನೋಡಲೇಬೇಕು. ಯಾವ ಆಪರೇಷನ್ ಆದರೂ 12ರಿಂದ 18 ತಿಂಗಳು ಗರ್ಭಧಾರಣೆ ಬೇಡ.

ಡಂಪಿಂಗ್ ಮತ್ತು ಸಕ್ಕರೆ ಕುಸಿತ

ಬೈಪಾಸ್‌ಗಳಲ್ಲಿ ಜಠರದ ಕೆಳಬಾಗಿಲು ದಾರಿಯಲ್ಲಿಲ್ಲ. ಪಾಯಸ, ಹೋಳಿಗೆ, ಕಬ್ಬಿನಹಾಲು, ಕೇಸರಿಬಾತು ತಿಂದ ಕೂಡಲೇ ಸಕ್ಕರೆ ನೇರವಾಗಿ ಸಣ್ಣಕರುಳಿಗೆ ಸುರಿಯುತ್ತದೆ. ಅಷ್ಟು ಗಟ್ಟಿ ಸಿಹಿಯನ್ನು ತೆಳು ಮಾಡಲು ರಕ್ತದ ನೀರು ಕರುಳಿಗೆ ಇಳಿಯುತ್ತದೆ. 15-30 ನಿಮಿಷದಲ್ಲಿ ಎದೆಬಡಿತ, ಬೆವರು, ತಲೆಸುತ್ತು, ಹೊಟ್ಟೆ ಗುಡುಗುಡು, ಭೇದಿ. ಅರ್ಧ ಗಂಟೆ ಮಲಗಿದರೆ ಹೋಗುತ್ತದೆ. ಇದು ಬೇಗ ಬರುವ ಡಂಪಿಂಗ್. ಬೆಲ್ಲ ಹಾಕಿದರೆ ಆಗದು ಎಂಬ ನಂಬಿಕೆ ತಪ್ಪು, ಕರುಳಿಗೆ ಬೆಲ್ಲವೂ ಸಕ್ಕರೆಯೇ.

ತಡವಾಗಿ ಬರುವುದು ಬೇರೆ. ಊಟವಾಗಿ 1ರಿಂದ 3 ಗಂಟೆಯ ನಂತರ, ಇನ್ಸುಲಿನ್ ಅತಿಯಾಗಿ ಸುರಿದು ರಕ್ತದ ಸಕ್ಕರೆ ಇಳಿಯುತ್ತದೆ: ಕೈನಡುಕ, ಮಂಕು, ಕಣ್ಣು ಕತ್ತಲೆ. ಸಾಮಾನ್ಯವಾಗಿ ಆಪರೇಷನ್ ಆಗಿ ವರ್ಷವಾದ ಮೇಲೆ ಶುರುವಾಗುತ್ತದೆ. ಗ್ಲೂಕೋಮೀಟರ್‌ನಲ್ಲಿ 54ಕ್ಕಿಂತ ಕೆಳಗೆ ಕಂಡರೆ ಡಾಕ್ಟರಿಗೆ ತಿಳಿಸಲೇಬೇಕು. ಆಗ ಒಂದು ಮುಷ್ಟಿ ಸಕ್ಕರೆ ಬಾಯಿಗೆ ಹಾಕಿಕೊಳ್ಳುವುದು ಸಹಜ, ಆದರೆ ಅದರಿಂದ ಮತ್ತೆ ಇನ್ಸುಲಿನ್ ಏರಿ ಎರಡು ಗಂಟೆಗೆ ಮತ್ತೊಂದು ಕುಸಿತ. ಸ್ವಲ್ಪ ಸಿಹಿ ತೆಗೆದುಕೊಂಡು, ಚೇತರಿಸಿಕೊಂಡ ಕೂಡಲೇ ಮೊಟ್ಟೆ, ಪನೀರು, ಕಡಲೆಬೀಜದಂಥದ್ದು ತಿನ್ನಬೇಕು. ಪದೇಪದೇ ಬಂದರೆ ಅಕಾರ್ಬೋಸ್‌ನಂಥ ಮಾತ್ರೆ ಇದೆ. ಹಳೆಯ ಶುಗರ್ ಮಾತ್ರೆ, ಅದರಲ್ಲೂ ಗ್ಲಿಮೆಪಿರೈಡ್, ಡೋಸ್ ಕಡಿಮೆ ಮಾಡದೆ ಮುಂದುವರಿಸಿದವರಿಗೆ ಕುಸಿತ ಮೊದಲ ವಾರಗಳಲ್ಲೇ ಬರಬಹುದು.

ನಮ್ಮ ಬಸುರಿಯರ ತಪಾಸಣೆಯಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಶುಗರ್ ನೋಡುವ ಪದ್ಧತಿ ಇದೆ. ಬೈಪಾಸ್ ಆದವರು ಅದನ್ನು ಕುಡಿಯಬಾರದು. ಅದು ಡಂಪಿಂಗನ್ನು ಕೈಯಾರೆ ತರಿಸಿಕೊಂಡಂತೆ, ಬರುವ ರೀಡಿಂಗೂ ನಂಬುವಂತಿರುವುದಿಲ್ಲ. ಬದಲಿಗೆ 24-28ನೇ ವಾರದಲ್ಲಿ ಒಂದು ವಾರ ಮನೆಯಲ್ಲೇ ಊಟಕ್ಕೆ ಮುಂಚೆ ಮತ್ತು ನಂತರ ಗ್ಲೂಕೋಮೀಟರ್‌ನಲ್ಲಿ ನೋಡಿ ಬರೆದಿಟ್ಟರೆ ಸಾಕು. ಆಶಾ ಕಾರ್ಯಕರ್ತೆಗೂ ಪಿಎಚ್‌ಸಿಯಲ್ಲೂ ಇದನ್ನು ಮೊದಲೇ ಹೇಳಿಡಿ.

ಸ್ಲೀವ್‌ನಲ್ಲೂ ಡಂಪಿಂಗ್ ಬರಬಹುದು. ಕೆಳಬಾಗಿಲು ಉಳಿದಿರುವುದರಿಂದ ಕಡಿಮೆ ಜನರಿಗೆ, ಸಾಮಾನ್ಯವಾಗಿ ಸೌಮ್ಯವಾಗಿ ಬರುತ್ತದೆ.

ಭೇದಿ, ಜಿಡ್ಡು ಮಲ, ಸೊರಗುವಿಕೆ

ಮಿನಿ ಬೈಪಾಸ್ ಆರಿಸುವ ಮುನ್ನ ಓದಲೇಬೇಕಾದ ಭಾಗ ಇದು. ಫ್ರಾನ್ಸಿನ ಯೊಮೆಗಾ ಅಧ್ಯಯನ 200 ಸೆಂ.ಮೀ. ಕರುಳು ಬಿಟ್ಟು ಮಾಡಿದ ಮಿನಿ ಬೈಪಾಸನ್ನು ರೂ-ಎನ್-ವೈ ಜತೆ ಹೋಲಿಸಿತು. 2 ವರ್ಷದಲ್ಲಿ ತೂಕ ಇಳಿಕೆ ಒಂದಕ್ಕೊಂದು ಕಡಿಮೆಯಿರಲಿಲ್ಲ. ಆದರೆ ಭೇದಿ, ಜಿಡ್ಡು ಮಲ ಮತ್ತು ಪೋಷಕಾಂಶ ಕೊರತೆಯ ಗಂಭೀರ ತೊಂದರೆಗಳು ಮಿನಿ ಬೈಪಾಸ್‌ನಲ್ಲಿ ಹೆಚ್ಚಾಗಿದ್ದವು.

ಕಾರಣ ಸರಳ. ಸಣ್ಣಕರುಳಿನ ಉದ್ದ ಎಲ್ಲರಿಗೂ ಒಂದೇ ಅಲ್ಲ. 7 ಮೀಟರ್ ಇರುವವರಲ್ಲಿ 2 ಮೀಟರ್ ಬಿಟ್ಟರೆ ಬೇಕಾದಷ್ಟು ಉಳಿಯುತ್ತದೆ. 4 ಮೀಟರ್ ಇರುವವರಲ್ಲಿ ಅರ್ಧವೇ ಹೋಯಿತು. ಅದಕ್ಕೆ ಒಟ್ಟು ಕರುಳನ್ನು ಅಳೆದು ನಿರ್ಧರಿಸುವ ಸರ್ಜನ್‌ಗಳಿದ್ದಾರೆ, 150 ಸೆಂ.ಮೀ.ಗೆ ನಿಲ್ಲಿಸುವವರಿದ್ದಾರೆ. ಎಲ್ಲರಿಗೂ 200 ಎಂದರೆ ಯಾಕೆ ಎಂದು ಕೇಳಿ.

ಮಲ ನೀರಿನಲ್ಲಿ ತೇಲುವುದು, ಕಮೋಡಿಗೆ ಎಣ್ಣೆಯಂತೆ ಅಂಟುವುದು, ಸಹಿಸಲಾಗದ ವಾಸನೆಯ ಗಾಳಿ ಬರುವುದು ಕೊಬ್ಬು ಜೀರ್ಣವಾಗುತ್ತಿಲ್ಲ ಎಂಬುದರ ಗುರುತು. ಕರಿದದ್ದು, ತುಪ್ಪ, ಕೊಬ್ಬರಿ ತಗ್ಗಿಸಿದರೆ ಅರ್ಧ ಸರಿಯಾಗುತ್ತದೆ. ಸರಿಯಾಗದಿದ್ದರೆ ಕಾರಣ ಹುಡುಕಬೇಕು. ಮುಟ್ಟದೆ ಬಿಟ್ಟ ಕರುಳಿನಲ್ಲಿ ಬ್ಯಾಕ್ಟೀರಿಯಾ ವಿಪರೀತ ಬೆಳೆದಿದ್ದರೆ ಆಂಟಿಬಯಾಟಿಕ್, ಮೇದೋಜೀರಕ ರಸ ಸಾಲದಿದ್ದರೆ ಕಿಣ್ವದ ಕ್ಯಾಪ್ಸೂಲ್, ಪಿತ್ತದ ಆಮ್ಲದಿಂದಾದ ಭೇದಿಗೆ ಕೊಲೆಸ್ಟೈರಮೀನ್. ಕಾಲು ಊದಿಕೊಂಡು ರಕ್ತದಲ್ಲಿನ ಅಲ್ಬುಮಿನ್ ಎಂಬ ಪ್ರೋಟೀನ್ ಇಳಿಯುತ್ತಿದ್ದರೆ, ಇರುಳುಗಣ್ಣು ಶುರುವಾದರೆ ತಡಮಾಡುವಂತಿಲ್ಲ. ಆಗ ಕರುಳಿನ ಜೋಡಣೆಯನ್ನೇ ಬದಲಿಸಬೇಕಾಗಬಹುದು.

ಸಸ್ಯಾಹಾರಿಗಳು ಇಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. 100 ಗ್ರಾಂ ಪನೀರಿನಲ್ಲಿ 18 ಗ್ರಾಂ ಸುತ್ತಮುತ್ತ, ಒಂದು ಲೋಟ ಹಾಲಿನಲ್ಲಿ 6-7, 30 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 15. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಪ್ರೋಟೀನ್ ಮಾತ್ರ 100 ಗ್ರಾಂಗೆ 7. ತಿಳಿಸಾರು ಕುಡಿದರೆ ಬೇಳೆಯ ಪ್ರೋಟೀನ್ ಪಾತ್ರೆಯ ತಳದಲ್ಲೇ ಉಳಿಯುತ್ತದೆ.

ಮೂರೂ ಆಪರೇಷನ್‌ಗಳಲ್ಲಿ ಮಲ್ಟಿವಿಟಮಿನ್, ಬಿ12, ಕಬ್ಬಿಣ, ಡಿ ವಿಟಮಿನ್, ಕ್ಯಾಲ್ಸಿಯಂ ಜೀವನಪೂರ್ತಿ ಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್‌ಗಿಂತ ಸಿಟ್ರೇಟ್ ಒಳ್ಳೆಯದು, ಕರಗಲು ಆಮ್ಲ ಬೇಡುವುದಿಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ 2 ಗಂಟೆ ಅಂತರ ಇರಲಿ, ಕಬ್ಬಿಣದ ಮಾತ್ರೆಯನ್ನು ಕಾಫಿ-ಟೀ ಜತೆ ನುಂಗಬೇಡಿ. ಮಾತ್ರೆಗೂ ರಕ್ತಪರೀಕ್ಷೆಗೂ ವರ್ಷವರ್ಷ ದುಡ್ಡು ಹೊಂದಿಸುವುದು ಕಷ್ಟ ಎನ್ನುವ ಮನೆಗೆ ಮಿನಿ ಬೈಪಾಸ್ ಬೇಡ.

ಪಿತ್ತಕೋಶದ ಕಲ್ಲು

ತೂಕ ಬೇಗ ಇಳಿದರೆ ಯಾರಿಗಾದರೂ ಕಲ್ಲಾಗಬಹುದು. ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ ದಿನಕ್ಕೆ 900 ಮಿ.ಗ್ರಾಂ. ಅರ್ಸೋಡಿಯಾಕ್ಸಿಕೋಲಿಕ್ ಆಮ್ಲವನ್ನು (ಕಲ್ಲಾಗದಂತೆ ತಡೆಯುವ ಔಷಧಿ) 6 ತಿಂಗಳು ಕೊಟ್ಟಾಗ ಕಲ್ಲಿನ ತೊಂದರೆ ಶೇ 9.7ರಿಂದ ಶೇ 6.5ಕ್ಕೆ ಇಳಿಯಿತು. ಆಯ್ಕೆಗೆ ಸಂಬಂಧಿಸಿದ ವ್ಯತ್ಯಾಸ ಒಂದೇ: ಕಲ್ಲು ಪಿತ್ತನಾಳಕ್ಕೆ ಜಾರಿದರೆ ಸ್ಲೀವ್‌ನಲ್ಲಿ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಪಿತ್ತನಾಳ ತಲುಪುವ ಇಆರ್‌ಸಿಪಿ ವಿಧಾನದಲ್ಲಿ ತೆಗೆಯಬಹುದು. ಬೈಪಾಸ್‌ನಲ್ಲಿ ಆ ದಾರಿ ಬಹಳ ಉದ್ದ, ಮಾಮೂಲು ಇಆರ್‌ಸಿಪಿ ಅಲ್ಲಿಗೆ ತಲುಪುವುದು ಕಷ್ಟ. ಮೊದಲೇ ನೋವು ಕೊಡುವ ಕಲ್ಲಿದ್ದರೆ ಪಿತ್ತಕೋಶವನ್ನು ಅದೇ ಆಪರೇಷನ್‌ನಲ್ಲಿ ತೆಗೆಸುವ ಬಗ್ಗೆ ಮಾತಾಡಿ.

ಬೈಪಾಸ್‌ನಲ್ಲಿ ಒಳಗೇ ಉಳಿದ ಜಠರವನ್ನೂ ಮಾಮೂಲು ಎಂಡೋಸ್ಕೋಪಿಯಲ್ಲಿ ನೋಡಲಾಗುವುದಿಲ್ಲ. ಮನೆತನದಲ್ಲಿ ಜಠರದ ಕ್ಯಾನ್ಸರ್ ಇದ್ದವರು ಅದನ್ನು ಮರೆಯದೆ ಹೇಳಬೇಕು.

ಮುದ್ದೆ, ಸಾರು, ಮಜ್ಜಿಗೆ

ಮೂರರಲ್ಲಿ ಯಾವುದಾದರೂ ಸರಿ, ನಮ್ಮ ಊಟದ ರೀತಿ ಅದರೊಂದಿಗೆ ಜಗಳಕ್ಕೆ ನಿಲ್ಲುತ್ತದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಬೈಪಾಸ್‌ನಲ್ಲಿ ಚೀಲದ ಹೊರದಾರಿ ಬೆರಳಿನ ದಪ್ಪ. ನುಂಗಿದ ಮುದ್ದೆ ಅಲ್ಲಿ ಬಿರಡೆಯಾಗುತ್ತದೆ. ಎದೆ ಕಟ್ಟಿದಂತಾಗಿ ನೊರೆನೊರೆ ಜೊಲ್ಲು ಉಕ್ಕಿ ವಾಂತಿಯಾಗುತ್ತದೆ. ರಾಗಿ ಬೇಕೆನಿಸಿದರೆ ಅಂಬಲಿ ಅಥವಾ ತೆಳು ರಾಗಿದೋಸೆ ಮಾಡಿಕೊಳ್ಳಿ. ಒಣ ಚಪಾತಿ, ಬ್ರೆಡ್ಡು, ಗಟ್ಟಿ ಮಾಂಸ, ನುಗ್ಗೆಕಾಯಿಯ ನಾರು, ಕಿತ್ತಳೆಯ ತೊಗಟೆಪೊರೆ ಇವೂ ಸಿಕ್ಕಿಕೊಳ್ಳುವ ಜಾತಿ. ಮೊದಲ 2 ವಾರ ದ್ರವ, ಮುಂದಿನ 2 ವಾರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತನೆಯದು, ಗಟ್ಟಿ ಊಟ ಸುಮಾರು 6-8 ವಾರದ ಮೇಲೆ. ನಿಮ್ಮ ಆಹಾರತಜ್ಞರು ಕೊಟ್ಟ ಪಟ್ಟಿಯಲ್ಲಿ ಒಂದೆರಡು ದಿನ ಆಚೀಚೆ ಇದ್ದರೆ ಅದನ್ನೇ ಪಾಲಿಸಿ.

ಅನ್ನಕ್ಕೆ ಸಾರು ಸುರಿದು, ಕೊನೆಗೆ ಮಜ್ಜಿಗೆ ಕುಡಿದು ಏಳುವುದು ನಮ್ಮ ರೂಢಿ. ಊಟದ ಜತೆ ದ್ರವ ಹೋದರೆ ಸ್ಲೀವ್‌ನಲ್ಲಿ ಒತ್ತಡ ಏರುತ್ತದೆ, ಬೈಪಾಸ್‌ನಲ್ಲಿ ಅನ್ನ ಕೊಚ್ಚಿಹೋಗಿ ಡಂಪಿಂಗ್ ಆಗುತ್ತದೆ. ಊಟಕ್ಕೆ ಅರ್ಧ ಗಂಟೆ ಮುಂಚೆ, ಅರ್ಧ ಗಂಟೆ ನಂತರ ಏನೂ ಕುಡಿಯಬೇಡಿ. ಮಜ್ಜಿಗೆಯನ್ನು ಸಂಜೆ ನಾಲ್ಕಕ್ಕೆ ಇಟ್ಟುಕೊಳ್ಳಿ. ಹಾಲು ಕುಡಿದು ಹೊಟ್ಟೆ ಉಬ್ಬುವವರಿಗೂ ಮೊಸರು-ಮಜ್ಜಿಗೆ ಒಗ್ಗುತ್ತದೆ. ದಿನಕ್ಕೆ ಒಂದೂವರೆ ಲೀಟರಾದರೂ ನೀರು ಗುಟುಕು ಗುಟುಕಾಗಿ ಹೋಗದಿದ್ದರೆ, ಮೇಲೆ ಕಬ್ಬಿಣದ ಮಾತ್ರೆಯೂ ಸೇರಿ, ಮಲಬದ್ಧತೆ ಖಂಡಿತ.

ಹಾಗಾದರೆ ಯಾರಿಗೆ ಯಾವುದು

ತೀವ್ರ ಎದೆಯುರಿ, ದೊಡ್ಡ ಹಯಾಟಸ್ ಹರ್ನಿಯಾ, ಬ್ಯಾರೆಟ್ಸ್ ಇದ್ದವರು, ತಂಬಾಕು ಬಿಟ್ಟವರು, ತಪಾಸಣೆಗೆ ತಪ್ಪದೆ ಬರುವವರು ರೂ-ಎನ್-ವೈ ಕಡೆ ನೋಡಲಿ. ಹೊಟ್ಟೆಯಲ್ಲಿ ಹಿಂದೆ ಹಲವು ಆಪರೇಷನ್ ಆಗಿ ಕರುಳು ಅಂಟಿಕೊಂಡಿರುವವರು, ಕ್ರೋನ್ಸ್ ಕಾಯಿಲೆ (ಕರುಳಿನ ದೀರ್ಘಕಾಲದ ಉರಿಯೂತ) ಇರುವವರು, ನೋವಿನ ಮಾತ್ರೆ ಬಿಡಲಾಗದವರು, ಅಂಗಾಂಗ ಕಸಿಯ ಔಷಧಿ ತಿನ್ನುವವರು, ಎಂಡೋಸ್ಕೋಪಿ ಶುದ್ಧವಾಗಿದ್ದರೆ ಸ್ಲೀವ್ ಮಾಡಿಸಲಿ. ಮಿನಿ ಬೈಪಾಸ್ ತೂಕ ಬಹಳ ಹೆಚ್ಚಿರುವ, ಎದೆಯುರಿ ಇಲ್ಲದ, ಪ್ರೋಟೀನೂ ಮಾತ್ರೆಯೂ ತಪ್ಪಿಸದ ಶಿಸ್ತಿನವರಿಗೆ ಸರಿಹೊಂದುತ್ತದೆ. ಒಂದೇ ಬಗೆಯ ಆಪರೇಷನ್ನನ್ನು ಬಂದವರೆಲ್ಲರಿಗೂ ಹೇಳುವ ಕಡೆ ಎರಡನೆಯ ಅಭಿಪ್ರಾಯ ಪಡೆಯಿರಿ.

ಯಾವಾಗ ಓಡಬೇಕು

ಮೊದಲ ವಾರಗಳಲ್ಲಿ ನಾಡಿಬಡಿತ ಸುಮ್ಮನೆ ಕೂತಾಗಲೂ 120ರ ಮೇಲೆ, ಜ್ವರ, ಎಡಭುಜಕ್ಕೆ ಹತ್ತುವ ನೋವು, ಉಸಿರು ಸಿಗದಂತಾಗುವುದು ಕಂಡರೆ ಹೊಲಿಗೆ ಸೋರುತ್ತಿರಬಹುದು. ಸ್ಲೀವ್‌ನಲ್ಲಿ ಸೋರಿಕೆ ಅಪರೂಪ, ಆದರೆ ಒಳಗಿನ ಒತ್ತಡದಿಂದ ಮಾಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಕೆಲವೊಮ್ಮೆ ಮನೆಗೆ ಹೋಗಿ ವಾರಗಳ ಮೇಲೆ ಕಾಣಿಸುತ್ತದೆ. ಬೈಪಾಸ್ ಆಗಿ 4-6 ವಾರದ ಹೊತ್ತಿಗೆ, ಮೊದಲಿಗೆ ಗಟ್ಟಿ ಆಹಾರ, ಆಮೇಲೆ ಮೆತ್ತನೆಯದು, ಕೊನೆಗೆ ನೀರೂ ಇಳಿಯದಾದರೆ ಜೋಡಣೆ ಕಿರಿದಾಗಿದೆ. ಎಂಡೋಸ್ಕೋಪಿಯಲ್ಲಿ ಬಲೂನು ಹಾಕಿ ಹಿಗ್ಗಿಸುತ್ತಾರೆ.

ಎರಡು-ಮೂರು ದಿನ ಬಿಡದೆ ವಾಂತಿಯಾದವರಿಗೆ ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಮೊದಲು ಹಚ್ಚುವುದು ಗ್ಲೂಕೋಸ್ ಡ್ರಿಪ್. ದೇಹದಲ್ಲಿ ಥಯಾಮಿನ್ (ಬಿ1 ವಿಟಮಿನ್) ಬರಿದಾಗಿದ್ದರೆ ಆ ಗ್ಲೂಕೋಸೇ ಮಿದುಳಿಗೆ ಹಾನಿ ಮಾಡುತ್ತದೆ: ಒಂದು ವಸ್ತು ಎರಡಾಗಿ ಕಾಣುವುದು, ನಡಿಗೆ ತೂರಾಡುವುದು, ಗೊಂದಲ. ಡ್ರಿಪ್‌ಗೆ ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಿ ಎಂದು ಮನೆಯವರು ಬಾಯಿಬಿಟ್ಟು ಹೇಳಬೇಕು. ರೋಗಿಗೆ ಆಗ ಹೇಳುವ ಸ್ಥಿತಿ ಇರುವುದಿಲ್ಲ.

ಆಸ್ಪತ್ರೆಯಿಂದ ಹೊರಡುವ ದಿನ ಡಿಸ್ಚಾರ್ಜ್ ಸಾರಾಂಶದಲ್ಲಿ ಇಷ್ಟು ಬರೆಸಿಕೊಳ್ಳಿ: ಆಪರೇಷನ್‌ನ ಪೂರ್ಣ ಹೆಸರು, ಬಿಟ್ಟ ಕರುಳಿನ ಉದ್ದ ಸೆಂ.ಮೀ.ಗಳಲ್ಲಿ, ಕಿಂಡಿ ಮುಚ್ಚಿದ್ದಾರೆಯೇ, ಹಯಾಟಸ್ ಹರ್ನಿಯಾ ಸರಿಪಡಿಸಿದ್ದಾರೆಯೇ, ಪಿತ್ತಕೋಶ ಇದೆಯೇ ತೆಗೆದಿದ್ದಾರೆಯೇ. ಅದರ ಫೋಟೊ ನಿಮ್ಮ ಮೊಬೈಲ್‌ನಲ್ಲೂ ಮನೆಯ ಇನ್ನೊಬ್ಬರ ಮೊಬೈಲ್‌ನಲ್ಲೂ ಇರಲಿ. ಐದು ವರ್ಷದ ಮೇಲೆ ನಡುರಾತ್ರಿ ಹೊಟ್ಟೆನೋವಿಗೆ ಬೇರೆ ಊರಿನ ಎಮರ್ಜೆನ್ಸಿಗೆ ಹೋದಾಗ ಅಲ್ಲಿನ ಡಾಕ್ಟರು ಮೊದಲು ಕೇಳುವುದು ಇದನ್ನೇ.